ಹೊಸ ಕೋಚ್ ಮಾತನಾಡುವಾಗ ಕೇಳಿಸಿಕೊಳ್ಳುತ್ತಿರುವ ಹುಡುಗರು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ನವೆಂಬರ್ ಕೊನೆಗೆ ಕೋಚ್‌ಗಳ ತಲೆದಂಡ ಶುರುವಾಗುತ್ತದೆ. ಡಿಸೆಂಬರ್ ಹೊತ್ತಿಗೆ ಹೊಸಬರು ಪತ್ರಕರ್ತರ ಮುಂದೆ ಕುಳಿತಿರುತ್ತಾರೆ. ಸೋತ ತಂಡವನ್ನು ವಹಿಸಿಕೊಂಡ ಬಹುತೇಕರದು ಒಂದೇ ರಾಗ: ಶಿಸ್ತಿಲ್ಲ, ಕಸುವಿಲ್ಲ, ಬುಡದಿಂದ ಕಟ್ಟಬೇಕು. ದೇಣಿಗೆ ಕೊಡುವವರಿಗೂ ಅಭಿಮಾನಿಗಳಿಗೂ ಈ ಮಾತು ಹಿತವಾಗಿರುತ್ತದೆ. ಕ್ರೀಡಾಪಟುಗಳೊಂದಿಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞೆಯಾದ ನನಗೆ ಮಾತ್ರ ಅದನ್ನು ಹಾಸ್ಟೆಲ್ ಕೋಣೆಯಲ್ಲಿ ಮೊಬೈಲ್ ಹಿಡಿದು ನೋಡುತ್ತಿರುವ ಇಪ್ಪತ್ತರ ಹುಡುಗನದೇ ಚಿಂತೆ. ಅವನನ್ನು ಆರಿಸಿ ತಂದ ಕೋಚ್ ಹೊರಟುಹೋಗಿದ್ದಾರೆ. ಹಳೆಯ ವ್ಯವಸ್ಥೆಗೆ ಬೀಳುವ ಏಟೆಲ್ಲ ಈಗ ಅವನ ಬೆನ್ನಿಗೇ.

2021ರ ನಿಯಮ ಬದಲಾವಣೆಯ ನಂತರ ಆಟಗಾರ ಒಂದು ವರ್ಷ ಹೊರಗೆ ಕೂರದೆಯೇ ಬೇರೆ ಕಾಲೇಜಿಗೆ ಹೋಗಿ ಆಡಬಹುದು. ಹೀಗಾಗಿ ಮಾತು ಮನಸ್ಸಿಗೆ ನಾಟಿದರೆ ಅವನು ಸುಮ್ಮನೆ ಸಹಿಸಿಕೊಂಡು ಕೂರಬೇಕಿಲ್ಲ.

2022ರ ಡಿಸೆಂಬರ್‌ನಲ್ಲಿ, ಹಿಂದೆ ವೃತ್ತಿಪರ ಫುಟ್‌ಬಾಲ್‌ನ ತಾರೆಯಾಗಿದ್ದ ಡಿಯಾನ್ ಸ್ಯಾಂಡರ್ಸ್ ಕೊಲೊರಾಡೊ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ ಬಂದರು. ತಂಡ ಆ ವರ್ಷ 12ರಲ್ಲಿ 11 ಪಂದ್ಯ ಸೋತಿತ್ತು. ಮೊದಲ ಸಭೆಯಲ್ಲೇ ಅವರು, ನನ್ನ ಲಗೇಜು ನನ್ನ ಜೊತೆಗೇ ಬರುತ್ತಿದೆ, ಅದು ಲೂಯಿ ವಿಟಾನ್, ನೀವು ಬೇರೆ ದಾರಿ ನೋಡಿಕೊಳ್ಳಿ ಎಂಬರ್ಥದಲ್ಲಿ ಹೇಳಿದರು. ಲಗೇಜು ಎಂದರೆ ಅವರು ಕರೆತರುವ ಆಟಗಾರರು; ದುಬಾರಿ ಬ್ಯಾಗುಗಳ ಬ್ರ್ಯಾಂಡಿನ ಹೆಸರು ಹೇಳಿದ್ದು ಅವರು ಎಷ್ಟು ಉತ್ತಮರು ಎಂದು ತೋರಿಸಲು. ಆ ವಿಡಿಯೊ ಎಲ್ಲೆಡೆ ಹರಿದಾಡಿತು. ತಂಡ ಹೆಚ್ಚುಕಡಿಮೆ ಪೂರ್ತಿ ಬದಲಾಯಿತು. 2023ರಲ್ಲಿ ನಾಲ್ಕು ಗೆಲುವು, 2024ರಲ್ಲಿ ಒಂಬತ್ತು. ಅವರು ಮುಚ್ಚುಮರೆ ಮಾಡಲಿಲ್ಲ, ಅದನ್ನು ಗೌರವಿಸುತ್ತೇನೆ. ಆದರೆ ಮಗ ಶೆಡ್ಯೂರ್ ಮತ್ತು ಟ್ರಾವಿಸ್ ಹಂಟರ್‌ರಂಥ ಆಟಗಾರರು ಬೆನ್ನಿಗಿದ್ದ ಅವರನ್ನು ನೋಡಿ ಬೇರೆಯವರು ಅದೇ ಧಾಟಿ ಹಿಡಿದರೆ ಖಾಲಿ ಜಾಗ ತುಂಬಲು ಯಾರೂ ಸಿಗಲಾರರು.

ಇಂಡಿಯಾನಾ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ ಬಂದ ಕರ್ಟ್ ಸಿಗ್ನೆಟಿ ನನಗೆ ಹೆಚ್ಚು ಪಾಠ ಕಲಿಸುತ್ತಾರೆ. 2023ರಲ್ಲಿ ಆ ತಂಡ ಗೆದ್ದದ್ದು ಮೂರೇ ಪಂದ್ಯ. ಡಿಸೆಂಬರ್‌ನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮೈಕ್ ಹಿಡಿದ ಅವರು ಪರ್ಡ್ಯೂ, ಮಿಷಿಗನ್, ಒಹಾಯೊ ಸ್ಟೇಟ್ ಮೂರನ್ನೂ ಹಳಿದರು. ನಾನು ಗೆಲ್ಲುವವನು, ಗೂಗಲ್ ಮಾಡಿ ನೋಡಿ ಎಂದು ಪತ್ರಕರ್ತರಿಗೆ ಹೇಳಿದರು. ಸೊಕ್ಕಿನ ಮಾತೇ ಸರಿ, ಆದರೆ ಅದರ ಗುರಿ ಎದುರಾಳಿಗಳು. ಭರವಸೆಯ ಹೊಣೆ ಅವರದೇ. ತಮ್ಮ ಹಳೆಯ ಕಾಲೇಜಿನಿಂದ ಅವರು ಹತ್ತಕ್ಕೂ ಹೆಚ್ಚು ಆಟಗಾರರನ್ನು ಕರೆತಂದರೂ, ಸೋಲಿನ ವರ್ಷಗಳನ್ನು ಕಂಡಿದ್ದ ಮೈಕ್ ಕ್ಯಾಟಿಕ್‌ನಂಥವರು ಉಳಿದುಕೊಂಡರು. 2024ರಲ್ಲಿ 11 ಗೆಲುವು, ರಾಷ್ಟ್ರೀಯ ಚಾಂಪಿಯನ್‌ರನ್ನು ನಿರ್ಧರಿಸುವ ಪ್ಲೇಆಫ್ ಸುತ್ತಿಗೆ ಪ್ರವೇಶ.

ಹಿಂದಿನವರ ಬಗ್ಗೆ ಪತ್ರಕರ್ತರು ಕೇಳಿಯೇ ಕೇಳುತ್ತಾರೆ. ನನ್ನ ಸಲಹೆ ಕೇಳುವ ಕೋಚ್‌ಗಳಿಗೆ, ಪತ್ರಿಕಾಗೋಷ್ಠಿಗೆ ಮೊದಲು ಆಟಗಾರರನ್ನು ಒಬ್ಬೊಬ್ಬರಾಗಿ ಕಂಡು ಮಾತನಾಡಿ ಎನ್ನುತ್ತೇನೆ. ವ್ಯಾಯಾಮಶಾಲೆಯ ವೇಳಾಪಟ್ಟಿ ಸರಿಯಿಲ್ಲದಿದ್ದರೆ ಅದನ್ನೇ ಹೆಸರಿಸಿ, ಯಾವಾಗ ಬದಲಾಗುತ್ತದೆ ಎಂಬುದನ್ನೂ ಹೇಳಿ. "ಇಲ್ಲಿನ ಸಂಸ್ಕೃತಿಯೇ ಕೆಟ್ಟಿದೆ" ಎಂದರೆ ತಾನು ಏನನ್ನು ತಿದ್ದಿಕೊಳ್ಳಬೇಕೆಂದು ಯಾವ ಹುಡುಗನಿಗೂ ತಿಳಿಯುವುದಿಲ್ಲ.