ಕಣ್ಣು ತಪ್ಪಿಸಿ ಮಾತಾಡುವವರು ಸುಳ್ಳು ಹೇಳುತ್ತಿದ್ದಾರೆಯೇ?

ಓದುಗರ ಪ್ರಶ್ನೆ: ಕೆಲಸಕ್ಕೆ ಸಂದರ್ಶನ ಮಾಡುವಾಗ ಅಭ್ಯರ್ಥಿ ನನ್ನನ್ನು ನೋಡದೆ ಎಲ್ಲೋ ನೋಡುತ್ತ ಉತ್ತರಿಸಿದರೆ ಅನುಮಾನ ಬರುತ್ತದೆ. ಮನೆಯಲ್ಲೂ ಅಷ್ಟೇ, ಮಗ ತಲೆ ತಗ್ಗಿಸಿದರೆ ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತದೆ. ಈ ಅನುಮಾನ ಸರಿಯೇ?

ಸರಿಯಲ್ಲ. ಕಣ್ಣು ತಪ್ಪಿಸುವುದನ್ನು ಸುಳ್ಳಿನ ಗುರುತು ಎಂದು ಖಂಡಿತ ಎಣಿಸಬೇಡಿ. ಹತ್ತಾರು ದೇಶಗಳ ಜನರನ್ನು ಕೇಳಿದಾಗಲೂ 'ಸುಳ್ಳು ಹೇಳುವವರು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ' ಎಂಬುದೇ ಅತಿ ಹೆಚ್ಚು ಬಂದ ಉತ್ತರ. ಆದರೆ 2003ರಲ್ಲಿ ಮನಶ್ಶಾಸ್ತ್ರಜ್ಞೆ ಬೆಲ್ಲಾ ಡಿಪಾಲೊ ಮತ್ತು ಸಂಗಡಿಗರು ಸುಳ್ಳಿನ ಲಕ್ಷಣ ಎನ್ನಲಾಗುವ 158 ಗುರುತುಗಳನ್ನು ಹಳೆಯ ಅಧ್ಯಯನಗಳಿಂದ ಒಟ್ಟುಗೂಡಿಸಿ ನೋಡಿದಾಗ, ನೋಟಕ್ಕೂ ಸುಳ್ಳಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಡಿಪಾಲೊ ಅವರೇ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಬಾಂಡ್ ಜೊತೆ 2006ರಲ್ಲಿ ಪ್ರಕಟಿಸಿದ ಇನ್ನೊಂದು ಲೆಕ್ಕದಲ್ಲಿ, ಸುಳ್ಳು ಯಾವುದು ನಿಜ ಯಾವುದು ಎಂದು ಜನ ಸರಿಯಾಗಿ ಹೇಳಿದ್ದು ಸರಾಸರಿ ಶೇ. 54ರಷ್ಟು ಸಲ ಮಾತ್ರ. ಕಣ್ಣು ಮುಚ್ಚಿ ಊಹಿಸಿದರೂ ಶೇ. 50 ಸಿಗುತ್ತದೆ.

ಹಾಗಾದರೆ ನೋಟ ಸರಿಯುವುದೇಕೆ? ಬಹುಪಾಲು ಸಲ, ಯೋಚಿಸುವುದಕ್ಕೆ. ಎದುರಿನ ಮುಖವನ್ನು ಗಮನಿಸುವುದೇ ಮಿದುಳಿಗೆ ಒಂದು ಕೆಲಸ. 'ಎಷ್ಟು ವರ್ಷದ ಅನುಭವ ಇದೆ?' ಎಂದು ಕೇಳಿ, ನಿಮ್ಮನ್ನು ನೋಡುತ್ತಲೇ ಉತ್ತರ ಬರುತ್ತದೆ. 'ಹಿಂದಿನ ಪ್ರಾಜೆಕ್ಟ್ ತಡವಾದದ್ದೇಕೆ?' ಎಂದು ಕೇಳಿ, ಅದೇ ವ್ಯಕ್ತಿಯ ಕಣ್ಣು ಗೋಡೆಯ ಕಡೆ ಹೋಗಿ, ನೆನಪು ಕೂಡಿಬಂದ ಮೇಲೆ ನಿಮ್ಮತ್ತ ಮರಳುತ್ತದೆ. ಪ್ರಾಮಾಣಿಕವಾಗಿ ನೆನಪಿಸಿಕೊಳ್ಳುವವರೂ ಹೀಗೇ ಮಾಡುತ್ತಾರೆ. ಇದಲ್ಲದೆ ನಾಚಿಕೆ, ಹೆದರಿಕೆ, ಹಿರಿಯರ ಮುಂದೆ ನೋಟ ತಗ್ಗಿಸಬೇಕೆಂದು ಕಲಿತ ಮರ್ಯಾದೆ, ಆಟಿಸಂ ಇವೆಲ್ಲವೂ ಕಾರಣವಾಗಬಹುದು. ಒಂದು ಕಡೆ ನೋಡಿದರೆ ನೆನಪು, ಇನ್ನೊಂದು ಕಡೆ ನೋಡಿದರೆ ಕಟ್ಟುಕಥೆ ಎಂಬ ಸೂತ್ರವೂ 2012ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ನಿಲ್ಲಲಿಲ್ಲ. ಅಲ್ಲದೆ, ಪಳಗಿದ ಸುಳ್ಳುಗಾರರಿಗೂ ಈ ನಂಬಿಕೆ ಗೊತ್ತಿರುತ್ತದೆ; ಅವರು ಬೇಕೆಂದೇ ದಿಟ್ಟಿಸಿ ನೋಡಬಲ್ಲರು.

ನೋಡಬೇಕಾದದ್ದು ಬದಲಾವಣೆಯನ್ನು. ಮೊದಲ ನಾಲ್ಕೈದು ನಿಮಿಷ ಸುಲಭದ, ಬೆದರಿಕೆಯಿಲ್ಲದ ಪ್ರಶ್ನೆ ಕೇಳಿ. ಈ ವ್ಯಕ್ತಿ ಸಾಮಾನ್ಯವಾಗಿ ಎಷ್ಟು ಬೇಗ ಉತ್ತರಿಸುತ್ತಾರೆ, ಕೈ ಎಷ್ಟು ಆಡಿಸುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಅವರನ್ನು ಅವರ ಜೊತೆಗೇ ಹೋಲಿಸಿ, ನಿಮ್ಮ ಜೊತೆಗಲ್ಲ. ಆಮೇಲೆ ಒಂದು ವಿಷಯಕ್ಕೆ ಬಂದಾಗ ಮಾತ್ರ ಉತ್ತರ ತಡವಾಗಿ, ಆಡುತ್ತಿದ್ದ ಕೈ ನಿಂತು, ಮಾತು ಚುಟುಕಾದರೆ, ಅಂದರೆ ಎರಡು ಮೂರು ಬದಲಾವಣೆ ಒಟ್ಟಿಗೆ ಕಂಡರೆ, ಆ ವಿಷಯ ಅವರಿಗೆ ಭಾರವಾಗಿದೆ ಎಂದಷ್ಟೇ ತಿಳಿಯಿರಿ. ಯಾಕೆ ಭಾರ ಎಂಬುದನ್ನು ದೇಹ ಹೇಳುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು.

ಕೇಳುವ ಬಗೆಯಲ್ಲೇ ಎಲ್ಲ ಇದೆ. 'ನಿಜ ಹೇಳುತ್ತಿದ್ದೀರಾ?' ಎಂದರೆ ಬಾಗಿಲು ಮುಚ್ಚಿತು. 'ತಡವಾಗುತ್ತದೆ ಅಂತ ತಂಡದಲ್ಲಿ ಮೊದಲು ಯಾರಿಗೆ ಗೊತ್ತಾಯಿತು? ನೀವು ಯಾರಿಗೆ ತಿಳಿಸಿದಿರಿ? ಮೇಲ್ ಕಳಿಸಿದಿರಾ, ಎದುರಿಗೆ ಹೇಳಿದಿರಾ?' ಎಂದು ಕೇಳಿ. ನಡೆದದ್ದನ್ನು ಹೇಳುವವರ ಬಳಿ ಪರಿಶೀಲಿಸಬಹುದಾದ ವಿವರ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಕಟ್ಟಿ ಹೇಳುವವರು ಅಂಥ ವಿವರದಿಂದ ಜಾರಿಕೊಳ್ಳುವುದೇ ಹೆಚ್ಚು. ಪ್ರಶ್ನೆ ಕೇಳಿದ ಮೇಲೆ ಮೂರು ನಾಲ್ಕು ಸೆಕೆಂಡ್ ಸುಮ್ಮನಿರಿ. ಬಹಳಷ್ಟು ಸಂದರ್ಶಕರು ಈ ಮೌನ ತಡೆಯಲಾರದೆ ತಾವೇ ಮಾತು ತುಂಬಿಬಿಡುತ್ತಾರೆ, ಬರಲಿದ್ದ ಉತ್ತರ ಅಲ್ಲೇ ಕಳೆದುಹೋಗುತ್ತದೆ.

ಒಂದು ಅಪಾಯವನ್ನು ಹೇಳಲೇಬೇಕು. ಅನುಮಾನ ಬಂದ ಕ್ಷಣ ನಿಮ್ಮ ದೇಹವೂ ಬದಲಾಗುತ್ತದೆ: ಹುಬ್ಬು ಗಂಟಾಗುತ್ತದೆ, ಮುಂದಕ್ಕೆ ಬಾಗುತ್ತೀರಿ, ದನಿ ಗಡುಸಾಗುತ್ತದೆ. ಅದನ್ನು ಕಂಡ ಅಭ್ಯರ್ಥಿ ಇನ್ನಷ್ಟು ತಡವರಿಸುತ್ತಾರೆ. 'ನೋಡಿ, ನಾನಂದುಕೊಂಡದ್ದೇ ಸರಿ' ಎನ್ನುತ್ತೀರಿ. ತಪ್ಪಿಲ್ಲದವರೂ, ತಮ್ಮನ್ನು ನಂಬುತ್ತಿಲ್ಲ ಎಂದು ತಿಳಿದರೆ ಹೆದರುತ್ತಾರೆ. ಆ ಹೆದರಿಕೆ ಹೊರಗೆ ಕಾಣುವುದು ತಪ್ಪಿತಸ್ಥರ ಹೆದರಿಕೆಯ ಹಾಗೇ. ಒಬ್ಬರ ಕೆಲಸ ಇಷ್ಟರಿಂದ ತಪ್ಪಿಹೋಗಬಾರದು.

ಮಗನ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಬೈಸಿಕೊಳ್ಳುತ್ತಿರುವ ಮಗು ತಲೆ ತಗ್ಗಿಸುವುದು ಹೆಚ್ಚಾಗಿ ಅವಮಾನದಿಂದ ಅಥವಾ ಭಯದಿಂದ. 'ನನ್ನ ಮುಖ ನೋಡಿ ಮಾತಾಡು' ಎಂದು ಒತ್ತಾಯಿಸಿದರೆ, ಗಮನವೆಲ್ಲ ನಿಮ್ಮ ಸಿಟ್ಟಿನ ಮೇಲೆ ಹೋಗಿ ಮಾತು ನಿಲ್ಲುತ್ತದೆ. ಎದುರು ಕೂರಿಸುವ ಬದಲು ಪಕ್ಕದಲ್ಲಿ ಕೂತು, ಬಟ್ಟೆ ಮಡಿಸುತ್ತಲೋ ಜೊತೆಗೆ ನಡೆಯುತ್ತಲೋ ಕೇಳಿ. ನೋಟದ ಭಾರವಿಲ್ಲದಾಗ ಮಕ್ಕಳು ಹೆಚ್ಚು ಹೇಳುತ್ತಾರೆ.

ಇನ್ನು ನೀವೇ ಅಭ್ಯರ್ಥಿಯಾಗಿ ಕೂತಾಗ, ಈ ತಪ್ಪು ನಂಬಿಕೆಯವರು ಎದುರಿಗಿರಬಹುದು ಎಂದುಕೊಂಡೇ ಸಿದ್ಧರಾಗಿ. ಜನರಿಗೆ ಹಿತವೆನಿಸುವ ನೋಟದ ಅವಧಿ ಸುಮಾರು ಮೂರು ಸೆಕೆಂಡ್. ಅದಕ್ಕಿಂತ ತೀರಾ ಉದ್ದವಾದರೆ ದಿಟ್ಟಿಸಿದಂತಾಗುತ್ತದೆ. ಕೇಳಿಸಿಕೊಳ್ಳುವಾಗ ಹೆಚ್ಚು ನೋಡಿ, ಹೇಳುವಾಗ ಕಡಿಮೆಯಾದರೂ ಸರಿ. ಯೋಚಿಸಬೇಕಾದರೆ 'ಒಂದು ನಿಮಿಷ, ನೆನಪಿಸಿಕೊಳ್ಳುತ್ತೇನೆ' ಎಂದು ಹೇಳಿಯೇ ನೋಟ ಸರಿಸಿ. ಮೂರು ನಾಲ್ಕು ಜನ ಎದುರಿಗಿದ್ದರೆ ಪ್ರಶ್ನೆ ಕೇಳಿದವರಿಂದ ಶುರುಮಾಡಿ, ಒಂದೊಂದು ವಾಕ್ಯ ಒಬ್ಬೊಬ್ಬರನ್ನು ನೋಡುತ್ತ ಮುಗಿಸಿ, ಕೊನೆಗೆ ಕೇಳಿದವರಲ್ಲಿಗೇ ಬನ್ನಿ. ವಿಡಿಯೊ ಕಾಲ್‌ನಲ್ಲಾದರೆ, ಪರದೆಯ ಮೇಲಿನ ಮುಖ ನೋಡಿದರೆ ಅವರಿಗೆ ನೀವು ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಂತೆ ಲ್ಯಾಪ್‌ಟಾಪ್ ಕೆಳಗೆ ನಾಲ್ಕು ಪುಸ್ತಕ ಇಟ್ಟು, ಅವರ ಮುಖವಿರುವ ಕಿಟಕಿಯನ್ನು ಎಳೆದು ಕ್ಯಾಮೆರಾದ ಕೆಳಗೇ ಇಟ್ಟುಕೊಳ್ಳಿ.