ಬಲೂನು ಒಂದು ಹೇಳುತ್ತದೆ, ಉಪಗ್ರಹ ಇನ್ನೊಂದು: ಯಾರ ಲೆಕ್ಕ ಸರಿ?

ಪ್ರಶ್ನೆ: ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಬಲೂನು ಅಳೆದ ಉಷ್ಣಾಂಶಕ್ಕೂ ಉಪಗ್ರಹದ್ದಕ್ಕೂ ಒಂದೂವರೆ ಡಿಗ್ರಿ ವ್ಯತ್ಯಾಸ ಕಂಡರೆ ಉಪಗ್ರಹ ತಪ್ಪು ಎನ್ನಬಹುದೇ?

ಉತ್ತರ: ಅಷ್ಟರಿಂದಲೇ ಹೇಳಲಾಗದು. ‘ಒಂದೇ ಜಾಗ, ಒಂದೇ ಹೊತ್ತು’ ಎಂಬುದನ್ನೇ ಮೊದಲು ಪರೀಕ್ಷಿಸಬೇಕು. ರೇಡಿಯೊಸಾಂಡ್ (ಅಳತೆಗಳನ್ನು ರೇಡಿಯೊ ಮೂಲಕ ನೆಲಕ್ಕೆ ಕಳಿಸುವ ಪುಟ್ಟ ಉಪಕರಣ) ಹೊತ್ತ ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ಏರುತ್ತದೆ. 30 ಕಿ.ಮೀ. ಮುಟ್ಟಲು 100 ನಿಮಿಷ ಬೇಕು. ಗಾಳಿ ಜೋರಿದ್ದರೆ ಅಷ್ಟರಲ್ಲಿ ಅದು ನೂರು ಕಿ.ಮೀ. ಮೀರಿ ಸರಿದಿರುತ್ತದೆ. ಹಾಗಾಗಿ ಉಡಾವಣೆಯ ಸ್ಥಳ, ಸಮಯ ಹಿಡಿಯದೆ, ಪ್ರತಿ ಎತ್ತರದಲ್ಲೂ ಜಿಪಿಎಸ್ ದಾಖಲಿಸಿದ ಸ್ಥಳ, ಸಮಯವನ್ನೇ ಬಳಸಿ.

ಎರಡನೆಯ ತೊಡಕು ದೊಡ್ಡದು. ಉಪಗ್ರಹದಲ್ಲಿರುವುದು ಥರ್ಮಾಮೀಟರ್ ಅಲ್ಲ. ಮೈಕ್ರೋವೇವ್ ಉಪಕರಣವು 50ರಿಂದ 60 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಆಮ್ಲಜನಕ ಹೊರಸೂಸುವ ವಿಕಿರಣವನ್ನು ಗ್ರಹಿಸುತ್ತದೆ. ಅದರ ಒಂದು ಚಾನೆಲ್ಲಿಗೆ, ಅಂದರೆ ಅದು ಗ್ರಹಿಸುವ ಒಂದು ಕಿರು ಆವರ್ತನ ಪಟ್ಟಿಗೆ, ಹಲವು ಕಿ.ಮೀ. ದಪ್ಪದ ಪದರ ಒಟ್ಟಾಗಿ ಕಾಣುತ್ತದೆ. ಬಲೂನಿನದು ಕೆಲವೇ ಮೀಟರುಗಳ ಸೂಕ್ಷ್ಮತೆ. ಇವೆರಡನ್ನು ನೇರವಾಗಿ ಕಳೆದರೆ ಉತ್ತರಕ್ಕೆ ಅರ್ಥವಿಲ್ಲ. ಬಲೂನಿನ ಉಷ್ಣಾಂಶ, ತೇವಾಂಶಗಳನ್ನು ವಿಕಿರಣ ಪ್ರಸರಣ ಮಾದರಿಗೆ (ವಾತಾವರಣದಲ್ಲಿ ವಿಕಿರಣ ಸಾಗುವ ಬಗೆಯನ್ನು ಲೆಕ್ಕಹಾಕುವ ಗಣಕ ಮಾದರಿಗೆ) ಕೊಟ್ಟು, ಆ ಚಾನೆಲ್ಲಿಗೆ ಏನು ಕಾಣಬೇಕಿತ್ತೆಂದು ಲೆಕ್ಕಹಾಕಿ, ಆಮೇಲೆ ಹೋಲಿಸಿ.

ಈಗ ನಿಮ್ಮ ಒಂದೂವರೆ ಡಿಗ್ರಿ. ಬಲೂನಿನ ಅನಿಶ್ಚಿತತೆ 0.3, ಉಪಗ್ರಹದ್ದು 0.5, ಸ್ಥಳ-ಸಮಯ ಹೊಂದದ್ದರಿಂದ ಬರುವುದು 0.8 ಡಿಗ್ರಿ ಎಂದಿಟ್ಟುಕೊಳ್ಳಿ. ಮೂರರ ವರ್ಗಗಳನ್ನು ಕೂಡಿದರೆ 0.98, ವರ್ಗಮೂಲ ಸುಮಾರು 1. ಅದರ ಎರಡರಷ್ಟು, ಅಂದರೆ 2 ಡಿಗ್ರಿಯೊಳಗಿನ ವ್ಯತ್ಯಾಸ ಇಬ್ಬರಲ್ಲಿ ಯಾರ ತಪ್ಪನ್ನೂ ಸಾಬೀತು ಮಾಡುವುದಿಲ್ಲ. ಆದರೆ ಬಲೂನು-ಉಪಗ್ರಹ ಅಳತೆಗಳ ನೂರಾರು ಜೋಡಿಗಳ ಸರಾಸರಿಯಲ್ಲೂ ಅದೇ ಒಂದೂವರೆ ಉಳಿದರೆ ಮಾತು ಬೇರೆ: ಯಾದೃಚ್ಛಿಕ ದೋಷ ಸರಾಸರಿಯಲ್ಲಿ ಕರಗುತ್ತದೆ, ಒಂದೇ ಕಡೆಗೆ ವಾಲಿದ ದೋಷ ಕರಗುವುದಿಲ್ಲ.

ಆಗ ಜೋಡಿಗಳನ್ನು ಹಗಲು, ರಾತ್ರಿ ಎಂದು ಬೇರ್ಪಡಿಸಿ. ಹಗಲಲ್ಲಿ ಮಾತ್ರ, ಎತ್ತರಕ್ಕೆ ಹೋದಷ್ಟೂ ಬಲೂನು ಬಿಸಿ ತೋರಿಸಿದರೆ ಬಿಸಿಲನ್ನೇ ಶಂಕಿಸಿ. ತೆಳುಗಾಳಿಗೆ ಸಂವೇದಕವನ್ನು ತಣಿಸುವ ಶಕ್ತಿ ಕಡಿಮೆ. ಮೋಡದಿಂದ ಹೊರಬಂದ ಕೂಡಲೇ ಸ್ವಲ್ಪ ದೂರ ತಂಪು ತೋರಿದರೆ, ಒದ್ದೆಯಾದ ಸಂವೇದಕದ ನೀರು ಆವಿಯಾಗುತ್ತಿರಬಹುದು. ಒಂದು ದಿನಾಂಕದಿಂದ ಅಂಕಿಗಳು ಥಟ್ಟನೆ ಜಿಗಿದಿದ್ದರೆ ನಿಲ್ದಾಣದಲ್ಲಿ ರೇಡಿಯೊಸಾಂಡ್ ಮಾದರಿ ಬದಲಾಯಿತೇ ನೋಡಿ. ಬಲೂನನ್ನೇ ಸತ್ಯವೆಂದು ಹಿಡಿಯುವವರು ಮರೆಯುವುದು ಇದನ್ನೇ.

ವರ್ಷಗಟ್ಟಲೆ ಮೆಲ್ಲಗೆ ಸರಿಯುವ ವ್ಯತ್ಯಾಸ ಹೆಚ್ಚಾಗಿ ಉಪಗ್ರಹದ್ದು. ಕಕ್ಷೆ ಜಾರಿದಂತೆ ಅದು ಒಂದೇ ಜಾಗವನ್ನು ದಿನದ ಬೇರೆ ಹೊತ್ತಿನಲ್ಲಿ ನೋಡತೊಡಗುತ್ತದೆ. ಆ ಹೊತ್ತಿನ ಸಹಜ ಏರಿಳಿತ ಹವಾಮಾನ ಬದಲಾವಣೆಯ ವೇಷ ತೊಡುತ್ತದೆ. ಕೆಳ ವಾಯುಮಂಡಲದ ಒಂದು ಪ್ರಸಿದ್ಧ ಉಪಗ್ರಹ ದಾಖಲೆಯಲ್ಲಿ ಈ ತಿದ್ದುಪಡಿಯೇ ತಪ್ಪಾಗಿದ್ದುದು 2005ರಲ್ಲಿ ಬಯಲಾಯಿತು.

ಇಬ್ಬರೂ ಒಪ್ಪದಿದ್ದರೆ ಮೂರನೆಯ ಸಾಕ್ಷಿ ಜಿಪಿಎಸ್ ರೇಡಿಯೊ ಮರೆಯಾಗುವಿಕೆ: ಭೂಮಿಯ ಅಂಚಿನಲ್ಲಿ ಮರೆಯಾಗುವ ಜಿಪಿಎಸ್ ಉಪಗ್ರಹದ ಸಂಕೇತವನ್ನು ಇನ್ನೊಂದು ಉಪಗ್ರಹ ಹಿಡಿಯುವ ವಿಧಾನ. ವಾತಾವರಣದಲ್ಲಿ ಸಂಕೇತ ಎಷ್ಟು ಬಾಗಿತೆಂಬುದನ್ನು ಅದು ಪರಮಾಣು ಗಡಿಯಾರದ ಆಧಾರದಲ್ಲಿ ಅಳೆಯುತ್ತದೆ; ಆ ಬಾಗುವಿಕೆಯಿಂದ ಉಷ್ಣಾಂಶವನ್ನು ಲೆಕ್ಕಹಾಕಲಾಗುತ್ತದೆ. ಸುಮಾರು 8ರಿಂದ 25 ಕಿ.ಮೀ. ನಡುವೆ ಬಹಳ ನಂಬಿಕಸ್ಥ, ಕೆಳಗಿನ ತೇವದ ಗಾಳಿಯಲ್ಲಿ ಅಷ್ಟಿಲ್ಲ. ಮರುವಿಶ್ಲೇಷಣೆಯ (ಹಳೆಯ ಅಳತೆಗಳನ್ನು ಹವಾಮಾನ ಮಾದರಿಯೊಂದಿಗೆ ಬೆಸೆದು ಕಟ್ಟಿದ) ದತ್ತಾಂಶವನ್ನು ಮಾತ್ರ ಮೂರನೆಯವನೆಂದು ಕರೆಯಬೇಡಿ. ಅದರೊಳಗೆ ಬಲೂನು, ಉಪಗ್ರಹ ಎರಡರ ಅಳತೆಗಳೂ ಆಗಲೇ ಸೇರಿಹೋಗಿರುತ್ತವೆ.