ಖಾಲಿ ಸೈಟಿನ ಕಾಂಗ್ರೆಸ್ ಗಿಡ ಯಾರು ಕೀಳಬೇಕು?

ಪ್ರಶ್ನೆ: ಪಕ್ಕದ ಖಾಲಿ ಸೈಟಿನ ತುಂಬ ಕಾಂಗ್ರೆಸ್ ಗಿಡ. ನಮ್ಮತ್ತೆಗೆ ಕೈಯೆಲ್ಲ ತುರಿಕೆ. ನಗರಸಭೆಯವರು ಯಾಕೆ ಕೀಳಿಸುವುದಿಲ್ಲ?

ಎರಡು ಮಳೆ ಬಿದ್ದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ತುರಿಕೆಗೆ ಚರ್ಮದ ಡಾಕ್ಟರಿಗೆ ತೋರಿಸಿ. ಉಳಿದದ್ದಕ್ಕೆ ಉತ್ತರ ಹೋದ ವರ್ಷದ್ದೇ: ಕೀಳಬೇಕಾದವರು ಸೈಟಿನ ಮಾಲೀಕರು. ಸೈಟ್ ನಂಬರು, ಫೋಟೊ ಸಮೇತ ನಗರಸಭೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

"ಸರ್ಕಾರವೇ ಇದನ್ನು ಪೀಡೆ ಅಂತ ಘೋಷಿಸಿದೆ, ಹಾಗಾದ್ರೆ ಸರ್ಕಾರವೇ ಕೀಳಬೇಕಲ್ವಾ?" ಎಲ್ಲರೂ ಎಡವುವುದು ಇಲ್ಲೇ. ಘೋಷಣೆ ಆಗಿರುವುದು ನಿಜ. 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯ್ದೆಯಡಿ ಕರ್ನಾಟಕ 1975ರಲ್ಲೇ ಪಾರ್ಥೇನಿಯಂ ಅನ್ನು, ಅಂದರೆ ಇದೇ ಕಾಂಗ್ರೆಸ್ ಗಿಡವನ್ನು, ಪೀಡೆ ಕಳೆ ಎಂದು ಸಾರಿತು. ಆದರೆ ಅದರ ಅರ್ಥ "ನಾವು ಕೀಳ್ತೀವಿ" ಅಂತಲ್ಲ ಸ್ವಾಮಿ, "ನೀವು ಕೀಳಿ" ಅಂತ. ನೆಲ ಯಾರ ಕೈಲಿದೆಯೋ ಹೊಣೆ ಅವರದು. ಕೀಳದಿದ್ದರೆ ನೋಟಿಸ್. ಅದಕ್ಕೂ ಜಗ್ಗದಿದ್ದರೆ ಅಧಿಕಾರಿಗಳೇ ಕೀಳಿಸಿ, ಖರ್ಚು ಅವರಿಂದಲೇ ವಸೂಲಿ ಮಾಡಬಹುದು. ಮಾಡುತ್ತಾರಾ? ಅಪರೂಪ. ಮಾಲೀಕರು ಎಲ್ಲೋ, ವಿಳಾಸ ಯಾವ ಕಾಲದ್ದೋ.

ಹೊಣೆ ನೆಲದವರ ಮೇಲೆ ಬಿದ್ದಿದ್ದಕ್ಕೆ ನ್ಯಾಯವೂ ಇದೆ. ಮೊಳೆತು ತಿಂಗಳು, ಒಂದೂವರೆ ತಿಂಗಳಿಗೆಲ್ಲ ಹೂ. ಒಂದೇ ಗಿಡ ಹದಿನೈದು ಸಾವಿರ ಬೀಜ ಉದುರಿಸಬಲ್ಲದು. ಪೌರಕಾರ್ಮಿಕರು ವರ್ಷಕ್ಕೊಮ್ಮೆ ಬಂದು ಮೇಲೆ ಮೇಲೆ ಸವರಿ ಹೋದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡುವ ಮೊದಲು, ನೆಲ ಹಸಿಯಿರುವಾಗ, ಗ್ಲೌಸ್ ಹಾಕಿಕೊಂಡು ಬೇರು ಸಮೇತ ಎಳೆಯಬೇಕು. ಬೆಳ್ಳಗೆ ಹೂ ತುಂಬಿದ ಗಿಡ ಕಿತ್ತು ಕಾಂಪೌಂಡ್ ಮೂಲೆಗೆ ಎಸೆದು ಕೈ ಕೊಡವಿಕೊಳ್ಳುವವರಿದ್ದಾರೆ. ಅದು ಕಳೆ ಕೀಳುವುದಲ್ಲ, ಬಿತ್ತನೆ.

ಅಂದ ಹಾಗೆ, ಕೀಳುವಾಗ ಎಲೆ ಮೇಲೆ ಒಂದು ಪುಟ್ಟ ಜೀರುಂಡೆ ಕಾಣಬಹುದು. ಕೆನೆ ಬಣ್ಣದ ಬೆನ್ನು, ಮೇಲೆ ಕಂದು ಗೆರೆ. ಈ ಕಳೆಯನ್ನು ತಿನ್ನಲೆಂದೇ 1983ರಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ ಹೊರಗೆ ಬಿಟ್ಟ ಹುಳ ಅದು. ಮಳೆಗಾಲದಲ್ಲಿ ಎಲೆ ಮೇಯುತ್ತದೆ, ಒಣಗಾಲದಲ್ಲಿ ಮಣ್ಣೊಳಗೆ ಮಲಗುತ್ತದೆ. ಬರೀ ಕಡ್ಡಿ ಉಳಿದ ಗಿಡ ಕಂಡರೆ ಅದು ಈ ಹುಳದ್ದೇ ಕೆಲಸ. ಹೋದ ಸಲ ಒಬ್ಬರು ಗಾಬರಿಯಿಂದ ಕೇಳಿದ್ದರು: "ಗಿಡಕ್ಕೆ ಹುಳ ಬಿದ್ದಿದೆ, ಏನು ಔಷಧಿ ಹೊಡೀಲಿ?" ಯಾವ ಗಿಡ ಅಂತ ವಿಚಾರಿಸಿದೆ. ಕಾಂಗ್ರೆಸ್ ಗಿಡ!